ಸಟ್ಲರ್ ಬಿಲ್ಲೆಗಳನ್ನು ಸಂಗ್ರಹಿಸುವುದು ಹೇಗೆ? ಅಮೆರಿಕದ ಅಂತರ್ಯುದ್ಧದ ಶಿಬಿರದಂಗಡಿ ಟೋಕನ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ಸಟ್ಲರ್ ಅಂದರೆ ಸೈನ್ಯದ ಹಿಂದೆಯೇ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಖಾಸಗಿ ವ್ಯಾಪಾರಿ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಯೂನಿಯನ್ ಸೈನ್ಯದ ರೆಜಿಮೆಂಟ್‌ಗಳಿಗೆ ಇಂಥ ಒಬ್ಬೊಬ್ಬ ಅಂಗಡಿಯವನು ಇರುತ್ತಿದ್ದ. ಸರ್ಕಾರ ಕೊಡುತ್ತಿದ್ದುದು ಕಲ್ಲಿನಂಥ ಒಣ ಬಿಸ್ಕತ್ತು, ಉಪ್ಪು ಹಾಕಿದ ಹಂದಿಮಾಂಸ, ಕಾಫಿ. ಬೆಣ್ಣೆ, ಚೀಸ್, ನಿಂಬೆಹಣ್ಣು, ತಂಬಾಕು, ಸೂಜಿದಾರ, ಕಾಗದ ಬೇಕು ಅಂದರೆ ಸಟ್ಲರನ ಡೇರೆಗೇ ಹೋಗಬೇಕಿತ್ತು. ಅಲ್ಲಿ ನಡೆಯುತ್ತಿದ್ದ ದುಡ್ಡು ಬಹಳ ಸಲ ಸರ್ಕಾರದ್ದಲ್ಲ. ಸಟ್ಲರನೇ ತನ್ನ ಹೆಸರು ಹಾಕಿ ಹೊಡೆಸಿದ ಹಿತ್ತಾಳೆ, ತಾಮ್ರದ ಬಿಲ್ಲೆಗಳು. ಈ ಬರಹ ಅವುಗಳನ್ನು ಗುರುತಿಸಿ, ಓದಿ, ಕೊಂಡು, ಕಾಪಾಡುವ ಬಗ್ಗೆ.

ಮೊದಲೇ ಒಂದು ಮಾತು. ಈ ಬಿಲ್ಲೆಗಳಲ್ಲಿ ಬೆಳ್ಳಿಬಂಗಾರ ಇಲ್ಲ, ಚಂದದ ಚಿತ್ರವೂ ಕಡಿಮೆ. ಇವುಗಳ ಬೆಲೆಯೆಲ್ಲ ಇರುವುದು ಮೇಲಿರುವ ರೆಜಿಮೆಂಟಿನ ಹೆಸರಿನಲ್ಲಿ. ಅದಕ್ಕೇ ಇಲ್ಲಿ ಓದುವ ಕೆಲಸ ಮೊದಲು, ಕೊಳ್ಳುವ ಕೆಲಸ ಆಮೇಲೆ.

ಬಿಲ್ಲೆಗಳು ಯಾಕೆ ಬೇಕಾದವು?

ಎರಡು ಕಾರಣ. ಮೊದಲನೆಯದು ಚಿಲ್ಲರೆ ಬರ. ಯುದ್ಧ ಎಷ್ಟು ದಿನ ನಡೆಯುತ್ತದೋ ಎಂಬ ಭಯದಲ್ಲಿ ಜನ ಬಂಗಾರ, ಬೆಳ್ಳಿಯ ನಾಣ್ಯಗಳನ್ನು ಬಚ್ಚಿಡಲು ಶುರುಮಾಡಿದರು. 1861ರ ಡಿಸೆಂಬರ್ ಕೊನೆಗೆ ಬ್ಯಾಂಕುಗಳು ನೋಟಿಗೆ ಬದಲಾಗಿ ಬಂಗಾರ ಕೊಡುವುದನ್ನೇ ನಿಲ್ಲಿಸಿದವು. 1862ರ ಬೇಸಿಗೆ ಹೊತ್ತಿಗೆ ಬೆಳ್ಳಿ ಚಿಲ್ಲರೆ ಮಾಯವಾಗಿತ್ತು, ಒಂದು ಸೆಂಟಿನ ನಾಣ್ಯವೂ ಸಿಗದಂತಾಗಿತ್ತು. ಜನ ಅಂಚೆಚೀಟಿಯನ್ನೇ ಚಿಲ್ಲರೆಯಾಗಿ ಬಳಸಿದರು. ಬೆವರಿದ ಕೈಯಲ್ಲಿ ಅಂಟುತ್ತಿದ್ದ ಆ ಚೀಟಿಗಳ ಗೋಳು ನೋಡಲಾರದೆ ಜಾನ್ ಗಾಲ್ಟ್ ಎಂಬಾತ ಅವುಗಳನ್ನು ಅಭ್ರಕ ಮುಚ್ಚಿದ ಹಿತ್ತಾಳೆ ಚೌಕಟ್ಟಿನೊಳಗೆ ಕೂರಿಸಿ 1862ರ ಆಗಸ್ಟಿನಲ್ಲಿ ಪೇಟೆಂಟ್ ಪಡೆದ. ಊರಿನ ಅಂಗಡಿಯವರು ಸೆಂಟಿನ ಗಾತ್ರದ ತಮ್ಮದೇ ಬಿಲ್ಲೆಗಳನ್ನು ಹೊಡೆಸಿದರು.

ಎರಡನೆಯದು ಸಂಬಳ. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 13 ಡಾಲರ್. ಎರಡು ತಿಂಗಳಿಗೊಮ್ಮೆ ಬಟವಾಡೆ ಆಗಬೇಕು ಅನ್ನುವುದು ನಿಯಮ. ಆದರೆ ಪೇಮಾಸ್ಟರ್ ನಾಲ್ಕಾರು ತಿಂಗಳು ಮುಖ ತೋರಿಸದೆ ಇದ್ದುದೂ ಉಂಟು. ಜೇಬು ಖಾಲಿ, ನಾಲಿಗೆಗೆ ಮಾತ್ರ ರುಚಿ ಬೇಕು. ಆಗ ಸಟ್ಲರ್ ಸಾಲ ಕೊಡುತ್ತಿದ್ದ, ಆದರೆ ದುಡ್ಡಿನಲ್ಲಲ್ಲ, ತನ್ನ ಬಿಲ್ಲೆಗಳಲ್ಲಿ. ಎರಡು ಡಾಲರಿನ ಬಿಲ್ಲೆ ತೆಗೆದುಕೊಂಡರೆ ಲೆಕ್ಕದ ಪುಸ್ತಕದಲ್ಲಿ ಎರಡು ಡಾಲರ್ ಬರೆಯುತ್ತಿದ್ದ. ಸಂಬಳದ ದಿನ ಪೇಮಾಸ್ಟರನ ಮೇಜಿನ ಬಳಿಯೇ ವಸೂಲಿ. ಆ ಬಿಲ್ಲೆ ಬೇರೆ ಯಾರ ಅಂಗಡಿಯಲ್ಲೂ ನಡೆಯುತ್ತಿರಲಿಲ್ಲ. ಹಾಗಾಗಿ ಸಿಪಾಯಿ ಮತ್ತೆ ಅವನ ಹತ್ತಿರವೇ ಬರಬೇಕು, ಅವನು ಹೇಳಿದ ಬೆಲೆಯನ್ನೇ ಕೊಡಬೇಕು.

ಬೆಲೆ ಹೇಗಿತ್ತು ಗೊತ್ತಾ? ಕಾಕಂಬಿ ಹಾಕಿ ಮಾಡಿದ ಕುಕೀಸ್ 25 ಸೆಂಟಿಗೆ ಆರು. ದಿನಕ್ಕೆ ಸುಮಾರು 43 ಸೆಂಟ್ ದುಡಿಯುವವನಿಗೆ ಅದು ಅರ್ಧ ದಿನದ ಕೂಲಿಗಿಂತ ಜಾಸ್ತಿ. 25 ಸೆಂಟಿನ ಬಿಲ್ಲೆಯೊಂದು ಕೈಗೆ ಬಂದಾಗ ಈ ಲೆಕ್ಕ ನೆನಪಿರಲಿ.

ಸಟ್ಲರುಗಳ ಮೇಲೆ ದೂರು ಹೆಚ್ಚಾದಾಗ 1862ರ ಮಾರ್ಚ್ 19ರಂದು ಅಮೆರಿಕದ ಸಂಸತ್ತು ಒಂದು ಕಾಯಿದೆ ಮಾಡಿತು. ಏನೇನು ಮಾರಬಹುದು ಎಂಬ ಪಟ್ಟಿಯೇ ಅದರಲ್ಲಿದೆ: ಸೇಬು, ಅಂಜೂರ, ಕಿತ್ತಳೆ, ಒಣದ್ರಾಕ್ಷಿ, ಮೇಣದಬತ್ತಿ, ಪತ್ರಿಕೆ, ಬಾಚಣಿಗೆ, ಹಲ್ಲುಜ್ಜುವ ಬ್ರಷ್, ಕ್ಷೌರದ ಸೋಪು, ಶೂ ಲೇಸು, ಪೆನ್ಸಿಲ್. ಹೆಂಡ ನಿಷಿದ್ಧ. ಬೆಲೆಯನ್ನು ಅಧಿಕಾರಿಗಳ ಸಮಿತಿ ಗೊತ್ತುಮಾಡಬೇಕು. ಸಿಪಾಯಿಯ ಸಂಬಳದಲ್ಲಿ ಸಟ್ಲರ್ ಎಷ್ಟಕ್ಕೆ ಹಕ್ಕು ಹೇಳಬಹುದು ಅನ್ನುವುದಕ್ಕೂ ಮಿತಿ ಬಂತು. ಈ ಕಾಯಿದೆಯನ್ನು ಒಂದು ಸಲ ಪೂರ್ತಿ ಓದಿ. ಬಿಲ್ಲೆ ಕೊಟ್ಟು ಸಿಪಾಯಿ ಏನು ತರುತ್ತಿದ್ದ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗುವುದಿಲ್ಲ.

ಹಂತ 1: ಯಾವುದು ಸಟ್ಲರ್ ಬಿಲ್ಲೆ, ಯಾವುದು ಅಲ್ಲ

ಅಂತರ್ಯುದ್ಧ ಕಾಲದ ಖಾಸಗಿ ಬಿಲ್ಲೆಗಳಲ್ಲಿ ಮೂರು ಬಗೆ. ಒಂದು, ದೇಶಭಕ್ತಿಯ ಬಿಲ್ಲೆ. ಇದರಲ್ಲಿ ಬಾವುಟ, ಫಿರಂಗಿ, ‘ಯೂನಿಯನ್ ಚಿರಾಯುವಾಗಲಿ’ ತರದ ಘೋಷಣೆ ಇರುತ್ತದೆ, ಅಂಗಡಿ ಹೆಸರು ಇರುವುದಿಲ್ಲ. ಎರಡು, ಅಂಗಡಿ ಬಿಲ್ಲೆ. ಊರಿನ ದಿನಸಿಯವನದೋ, ಔಷಧಿ ಅಂಗಡಿಯವನದೋ ಹೆಸರು, ವಿಳಾಸ ಇರುತ್ತದೆ. ಮೂರನೆಯದೇ ಸಟ್ಲರ್ ಬಿಲ್ಲೆ.

ಮೊದಲ ಎರಡು ಬಗೆಯವು ಬಹುಪಾಲು ಒಂದು ಸೆಂಟಿಗೆ ಬದಲಾಗಿ ಓಡಾಡಿದವು. ಸಟ್ಲರ್ ಬಿಲ್ಲೆ ಹಾಗಲ್ಲ. ಅದರ ಮೇಲೆ 5, 10, 25, 50 ಸೆಂಟ್ ಅಥವಾ 1 ಡಾಲರ್ ಎಂದು ಬೆಲೆ ಇರುತ್ತದೆ. ವ್ಯಾಪಾರಿಯ ಹೆಸರು, ‘ಸಟ್ಲರ್’ ಎಂಬ ಪದ, ರೆಜಿಮೆಂಟಿನ ಸಂಖ್ಯೆ, ರಾಜ್ಯ ಇರುತ್ತವೆ. ‘ಇಷ್ಟು ಸೆಂಟಿನ ಸರಕಿಗೆ ಸಲ್ಲುತ್ತದೆ’ ಎಂಬ ಅರ್ಥದ ಸಾಲೂ ಸಾಮಾನ್ಯ. ಗಮನಿಸಿ, ಸರಕಿಗೆ ಮಾತ್ರ, ನಗದಿಗಲ್ಲ.

ಇದೇ ಸಟ್ಲರುಗಳು ರಟ್ಟಿನ ಚೀಟಿಗಳನ್ನೂ ಕೊಡುತ್ತಿದ್ದರು. ಅವೂ ಸಂಗ್ರಹಕ್ಕೆ ಅರ್ಹ, ಆದರೆ ಕಾಗದದ ವಸ್ತುಗಳ ಆರೈಕೆಯೇ ಬೇರೆ. ಮೊದಲಿಗೆ ಲೋಹಕ್ಕೆ ಅಂಟಿಕೊಳ್ಳಿ.

ಹಂತ 2: ಅಗ್ಗದವುಗಳ ಮೇಲೆ ಕಣ್ಣು ಪಳಗಿಸಿ

ಸಟ್ಲರ್ ಬಿಲ್ಲೆ ಒಂದಕ್ಕೆ ನೂರಾರು ಡಾಲರ್ ಆಗುತ್ತದೆ, ಅಪರೂಪದ್ದಾದರೆ ಸಾವಿರ ದಾಟುತ್ತದೆ. ಅಷ್ಟು ದುಡ್ಡು ಸುರಿಯುವ ಮೊದಲು ಸಾಮಾನ್ಯ ದೇಶಭಕ್ತಿ ಬಿಲ್ಲೆಗಳನ್ನು ಒಂದಿಷ್ಟು ಕೊಳ್ಳಿ. ಬಳಸಿ ಸವೆದ ಸ್ಥಿತಿಯಲ್ಲಿ ಇವು ಹತ್ತಾರು ಡಾಲರಿಗೇ ಸಿಗುತ್ತವೆ. ಸುಮಾರು 2.5 ಕೋಟಿ ಬಿಲ್ಲೆಗಳು ಹೊರಬಂದಿದ್ದವು ಎಂಬ ಅಂದಾಜಿದೆ, ಹಾಗಾಗಿ ಕೊರತೆ ಇಲ್ಲ.

ಇದರಿಂದ ಆಗುವ ಉಪಯೋಗ ದೊಡ್ಡದು. ಅಚ್ಚು ಒತ್ತಿದ ಅಕ್ಷರದ ಅಂಚು ಎಷ್ಟು ಚೂಪಾಗಿರುತ್ತದೆ, 160 ವರ್ಷದ ಹಿತ್ತಾಳೆ ಯಾವ ಬಣ್ಣಕ್ಕೆ ತಿರುಗುತ್ತದೆ, ನಿಜವಾದ ಸವೆತ ಎಲ್ಲಿ ಮೊದಲು ಕಾಣುತ್ತದೆ ಅನ್ನುವುದೆಲ್ಲ ಕೈಗೆ ಬರುತ್ತದೆ. ಸಟ್ಲರ್ ಬಿಲ್ಲೆಗಳನ್ನು ಹೊಡೆದವರಲ್ಲಿ ಹಲವರು ಇದೇ ಕುಶಲಕರ್ಮಿಗಳೇ. ಒಬ್ಬರ ಕೆಲಸ ಗುರುತು ಸಿಕ್ಕರೆ ಇನ್ನೊಂದು ಕಡೆ ಅದೇ ಕೈ ಕಾಣಿಸುತ್ತದೆ.

‘ಡಿಕ್ಸ್’ ಬಿಲ್ಲೆ ಒಂದು ಇರಲಿ. ‘ಬಾವುಟ ಕೆಳಗಿಳಿಸಲು ಬಂದವನನ್ನು ಅಲ್ಲೇ ಗುಂಡಿಕ್ಕಿ’ ಎಂದು ಖಜಾನೆ ಕಾರ್ಯದರ್ಶಿ ಜಾನ್ ಡಿಕ್ಸ್ 1861ರ ಜನವರಿಯಲ್ಲಿ ಕೊಟ್ಟ ಆದೇಶ ಅದರ ಮೇಲಿದೆ. ಕೆಲವು ಅಚ್ಚುಗಳಲ್ಲಿ ಆ ಸಾಲಿನ ಕೊನೆಯ ‘ಸ್ಪಾಟ್’ ಎಂಬ ಪದಕ್ಕೆ ಒಂದು ‘ಓ’ ಜಾಸ್ತಿ ಬಿದ್ದಿದೆ. ಇಂಥ ಅಚ್ಚಿನ ತಪ್ಪುಗಳನ್ನು ಹುಡುಕುತ್ತಾ ಹೋದರೆ ಬರಿಗಣ್ಣು ತಾನಾಗಿ ಚುರುಕಾಗುತ್ತದೆ.

ಹಂತ 3: ಬಿಲ್ಲೆಯನ್ನು ಓದಲು ಕಲಿಯಿರಿ

ಬೇಕಾದ ಸಾಮಾನು ಕಡಿಮೆ. ಹತ್ತು ಪಟ್ಟು ದೊಡ್ಡದಾಗಿಸುವ ಲೂಪ್, 0.01 ಗ್ರಾಂವರೆಗೆ ತೂಗುವ ಪುಟ್ಟ ತಕ್ಕಡಿ, ಅಡ್ಡಳತೆ ನೋಡುವ ಡಿಜಿಟಲ್ ಕ್ಯಾಲಿಪರ್, ಬಗ್ಗಿಸಬಹುದಾದ ಟೇಬಲ್ ಲ್ಯಾಂಪ್. ಬೆಳಕು ಮೇಲಿನಿಂದ ನೇರವಾಗಿ ಬೀಳಬಾರದು. ಪಕ್ಕದಿಂದ, ಓರೆಯಾಗಿ ಬೀಳಬೇಕು. ಆಗಲೇ ಸವೆದುಹೋದ ಅಂಕಿಯ ನೆರಳು ಎದ್ದು ಕಾಣುವುದು.

ಬಿಲ್ಲೆಯ ಮೇಲೆ ಜಾಗ ಕಡಿಮೆ, ಅದಕ್ಕೆ ಎಲ್ಲವೂ ಮೊಟಕು. ‘ಓ.ವಿ.’ ಅಥವಾ ‘ಓ.ವಿ.ಐ.’ ಅಂದರೆ ಓಹಾಯೋ ವಾಲಂಟಿಯರ್ ಪದಾತಿದಳ. ‘ಪಿ.ವಿ.’ ಪೆನ್ಸಿಲ್ವೇನಿಯಾದ್ದು. ‘ಎನ್.ವೈ.ಎಸ್.ವಿ.’ ನ್ಯೂಯಾರ್ಕ್ ರಾಜ್ಯದ್ದು. ‘ಕ್ಯಾವ್’ ಅಂದರೆ ಕುದುರೆಪಡೆ, ‘ಆರ್ಟ್’ ಅಂದರೆ ಫಿರಂಗಿದಳ. ಸಂಖ್ಯೆ ಒಂದೇ ಇದ್ದ ಮಾತ್ರಕ್ಕೆ ರೆಜಿಮೆಂಟ್ ಒಂದೇ ಆಗುವುದಿಲ್ಲ. ಒಂದು ರಾಜ್ಯದ 1ನೇ ಪದಾತಿದಳ ಬೇರೆ, 1ನೇ ಕುದುರೆಪಡೆ ಬೇರೆ. ‘ಕ್ಯಾವ್’ ಎಂಬ ಮೂರಕ್ಷರ ಸವೆದುಹೋಗಿದ್ದರೆ ಅದೇ ಹೆಸರಿನ ಬೇರೆ ಬಿಲ್ಲೆಗಳ ಜೊತೆ ಅಕ್ಷರಗಳ ಅಂತರವನ್ನು ಹೋಲಿಸಿ ನೋಡಬೇಕು.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ‘ವಿಎ. ವಾಲ್ಸ್’, ಅಂದರೆ ವರ್ಜೀನಿಯಾ ವಾಲಂಟಿಯರ್ಸ್ ಎಂದಿರುವ ಬಿಲ್ಲೆ ಕಂಡ ತಕ್ಷಣ ದಕ್ಷಿಣದ ಕಾನ್ಫೆಡರೇಟ್ ಸೈನ್ಯದ್ದು ಅಂದುಕೊಂಡುಬಿಡುತ್ತಾರೆ. ಹಾಗಲ್ಲ. ವರ್ಜೀನಿಯಾ ಯೂನಿಯನ್ ಬಿಟ್ಟು ಹೊರಟಾಗ ಅದರ ಪಶ್ಚಿಮದ ಬೆಟ್ಟಸೀಮೆಯ ಬಹಳಷ್ಟು ಜನ ಒಪ್ಪಲಿಲ್ಲ. ಅವರು ಉತ್ತರದ ಪರ ರೆಜಿಮೆಂಟ್‌ಗಳನ್ನು ಕಟ್ಟಿದರು. ಆಗ ಅವುಗಳ ಹೆಸರು ವರ್ಜೀನಿಯಾ ಎಂದೇ ಇತ್ತು. 1863ರ ಜೂನ್ 20ರಂದು ವೆಸ್ಟ್ ವರ್ಜೀನಿಯಾ ಬೇರೆ ರಾಜ್ಯವಾದ ಮೇಲೆ ಆ ರೆಜಿಮೆಂಟ್‌ಗಳ ಹೆಸರೂ ಬದಲಾಯಿತು. ಹಾಗಾಗಿ ‘ವಿಎ.’ ಎಂದಿರುವ ಯೂನಿಯನ್ ಬಿಲ್ಲೆ ಸಾಮಾನ್ಯವಾಗಿ ಆ ದಿನಕ್ಕಿಂತ ಮೊದಲಿನದು ಎಂದು ಊಹಿಸಬಹುದು. ಇಸವಿಯೇ ಹಾಕದ ಬಿಲ್ಲೆಗೆ ಎರಡು ಅಕ್ಷರ ಕಾಲ ಹೇಳಿಕೊಡುತ್ತದೆ. ಈ ಹವ್ಯಾಸದಲ್ಲಿ ನನಗೆ ಅತಿ ಇಷ್ಟವಾಗುವ ಸಂಗತಿ ಇದು.

ಇನ್ನು ಅಚ್ಚು ಹಾಕಿದವನ ಗುರುತು. ಸಟ್ಲರ್ ಬಿಲ್ಲೆಗಳ ದೊಡ್ಡ ಕೇಂದ್ರ ಓಹಾಯೋದ ಸಿನ್ಸಿನಾಟಿ. ಜಾನ್ ಸ್ಟ್ಯಾಂಟನ್, ಡಬ್ಲ್ಯು. ಕೆ. ಲ್ಯಾನ್‌ಫಿಯರ್, ಮರ್ಡಾಕ್ ಅಂಡ್ ಸ್ಪೆನ್ಸರ್ ಎಲ್ಲರೂ ಅಲ್ಲಿಯವರು. ಶಿಕಾಗೋದಲ್ಲಿ ಚೈಲ್ಡ್ಸ್ ಇದ್ದ. ಕೆಲವು ಬಿಲ್ಲೆಗಳ ಹಿಂಬದಿಯಲ್ಲಿ ಇವರ ಹೆಸರು ಸಣ್ಣಗೆ ಇರುತ್ತದೆ. ಒಂದೇ ಹಿಂಬದಿ ಅಚ್ಚನ್ನು ಬೇರೆ ಬೇರೆ ಸಟ್ಲರುಗಳಿಗೂ ಬಳಸಿದ್ದಾರೆ. ಗಿರಾಕಿಗೆ ಬೇಕಾದ್ದು ಮುಂಬದಿಗೆ ಮಾತ್ರ, ಹಿಂದೆ ‘25’ ಅಂತ ಇದ್ದರೆ ಸಾಕು. ಎರಡು ಬೇರೆ ರೆಜಿಮೆಂಟಿನ ಬಿಲ್ಲೆಗಳನ್ನು ಅಕ್ಕಪಕ್ಕ ಇಟ್ಟು, ‘25’ರ ಅಂಕಿಯಲ್ಲಿ ಒಂದೇ ಜಾಗದಲ್ಲಿ ಒಂದೇ ಬಿರುಕು ಕಂಡರೆ ಎರಡೂ ಒಂದೇ ಅಚ್ಚಿನಿಂದ ಬಂದವು ಎಂದು ತಿಳಿಯಿರಿ. ಬಿರುಕು ಯಾವುದರಲ್ಲಿ ಉದ್ದವಾಗಿದೆಯೋ ಅದು ಆಮೇಲೆ ಹೊಡೆದದ್ದು.

ಹಂತ 4: ನಿಮ್ಮ ದಾರಿ ಆರಿಸಿಕೊಳ್ಳಿ

‘ಎಲ್ಲ ಸಟ್ಲರ್ ಬಿಲ್ಲೆಗಳೂ ಬೇಕು’ ಅಂತ ಹೊರಟರೆ ಮುಗಿಯುವುದಿಲ್ಲ. ಎಷ್ಟೋ ಬಿಲ್ಲೆಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಕಾರಣ ಸುಲಭ. ಒಂದು ಪದಾತಿ ರೆಜಿಮೆಂಟಿನಲ್ಲಿ ಹೆಚ್ಚೆಂದರೆ ಸುಮಾರು 1000 ಜನ. ಅಷ್ಟು ಜನಕ್ಕೆ ಬೇಕಾದಷ್ಟೇ ಬಿಲ್ಲೆ. ರೆಜಿಮೆಂಟ್ ವಿಸರ್ಜನೆಯಾದ ದಿನವೇ ಬಿಲ್ಲೆಗೆ ಬೆಲೆ ಇಲ್ಲ. ಸಿಪಾಯಿ ಅದನ್ನು ಬಿಸಾಡಿದ, ಇಲ್ಲವೇ ಮನೆಗೆ ಹೋದ ಮೇಲೆ ಮಕ್ಕಳ ಆಟಕ್ಕೆ ಕೊಟ್ಟ.

ನನ್ನ ಸಲಹೆ: ಒಂದು ರಾಜ್ಯ ಹಿಡಿಯಿರಿ. ಕೆಲಸಕ್ಕೋ ಓದಿಗೋ ಹೋಗಿ ಓಹಾಯೋ, ಇಂಡಿಯಾನಾ, ಪೆನ್ಸಿಲ್ವೇನಿಯಾ ಕಡೆ ನೆಲೆಸಿರುವ ಕನ್ನಡಿಗರು ಬಹಳ ಜನ ಇದ್ದೀರಿ. ನೀವಿರುವ ಕೌಂಟಿಯ ಹುಡುಗರು ಯಾವ ರೆಜಿಮೆಂಟಿಗೆ ಸೇರಿದ್ದರು ನೋಡಿ. ಊರ ಮಧ್ಯದ ಸ್ಮಾರಕದ ಮೇಲೆ ಸಂಖ್ಯೆ ಕೆತ್ತಿರುತ್ತದೆ. ಅಲ್ಲಿಂದ ಶುರುಮಾಡಿದರೆ ದಾಖಲೆಗಳೂ ಹತ್ತಿರದ ಲೈಬ್ರರಿಯಲ್ಲೇ ಸಿಗುತ್ತವೆ. ಮುಖಬೆಲೆ ನೋಡಿ, ಅಚ್ಚಿನವನನ್ನು ನೋಡಿ ಕೂಡಿಸುವವರೂ ಇದ್ದಾರೆ. ಆದರೆ ರಾಜ್ಯದ ದಾರಿಯಲ್ಲಿ ಓದಲು ಸಿಗುವಷ್ಟು ಬೇರೆಯದರಲ್ಲಿ ಸಿಗುವುದಿಲ್ಲ.

ಹಂತ 5: ಕೊಳ್ಳುವ ಮೊದಲು ರೆಜಿಮೆಂಟನ್ನು ಹುಡುಕಿ

ಇದು ಅತಿ ಮುಖ್ಯವಾದ ಹಂತ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಮೊದಲು ಕ್ಯಾಟಲಾಗ್. ಡೇವಿಡ್ ಶೆಂಕ್‌ಮನ್ 1983ರಲ್ಲಿ ಸಟ್ಲರ್ ಬಿಲ್ಲೆ ಮತ್ತು ರಟ್ಟಿನ ಚೀಟಿಗಳ ಬಗ್ಗೆ ಪ್ರಕಟಿಸಿದ ಕ್ಯಾಟಲಾಗ್ ಈ ಕ್ಷೇತ್ರದ ಮೂಲ ಪುಸ್ತಕ. ಮಾರುವವರು ಅದರ ಸಂಖ್ಯೆಯನ್ನೇ ಕೊಡುತ್ತಾರೆ. ಅಪರೂಪ ಎಷ್ಟು ಅನ್ನುವುದಕ್ಕೆ ಮೆಲ್ವಿನ್ ಮತ್ತು ಜಾರ್ಜ್ ಫುಲ್ಡ್ ಎಂಬ ತಂದೆ-ಮಗ ರೂಢಿಗೆ ತಂದ ಅಳತೆ ಇದೆ. ಆರ್-1 ಅಂದರೆ 5000ಕ್ಕೂ ಹೆಚ್ಚು ಉಳಿದಿವೆ. ಆರ್-5 ಅಂದರೆ 76ರಿಂದ 200. ಆರ್-7 ಅಂದರೆ 11ರಿಂದ 20. ಆರ್-9 ಅಂದರೆ ಎರಡರಿಂದ ನಾಲ್ಕು. ಆರ್-10 ಅಂದರೆ ಒಂದೇ ಒಂದು. ಈ ಅಂಕಿಗಳನ್ನು ಕಲ್ಲಿನಲ್ಲಿ ಕೆತ್ತಿದಂತೆ ನಂಬಬೇಡಿ. ಯಾರದೋ ಹಳೆಯ ಪೆಟ್ಟಿಗೆಯಿಂದ ಹತ್ತು ಬಿಲ್ಲೆ ಹೊರಬಂದರೆ ಆರ್-9 ಹೋಗಿ ಆರ್-7 ಆಗುತ್ತದೆ.

ಆಮೇಲೆ ರೆಜಿಮೆಂಟ್ ಎಲ್ಲಿತ್ತು ಅನ್ನುವುದು. ಫ್ರೆಡರಿಕ್ ಡೈಯರ್ 1908ರಲ್ಲಿ ಹೊರತಂದ ಕೈಪಿಡಿಯಲ್ಲಿ ಯೂನಿಯನ್ ಕಡೆಯ ರೆಜಿಮೆಂಟ್‌ಗಳು ಯಾವಾಗ ಹುಟ್ಟಿದವು, ಎಲ್ಲೆಲ್ಲಿ ಕಾದಾಡಿದವು, ಯಾವಾಗ ವಿಸರ್ಜನೆಯಾದವು ಅನ್ನುವ ಚುಟುಕು ಚರಿತ್ರೆ ಇದೆ. ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ಸಿಪಾಯಿಗಳ ಡೇಟಾಬೇಸಿನಲ್ಲಿ ರೆಜಿಮೆಂಟಿನ ಸಂಖ್ಯೆ ಹಾಕಿದರೆ ಹೆಸರುಗಳ ಪಟ್ಟಿ ಬರುತ್ತದೆ. ಸೈನ್ಯದ ಅಧಿಕೃತ ಪತ್ರವ್ಯವಹಾರದ 128 ಸಂಪುಟಗಳೂ ಆನ್‌ಲೈನಿನಲ್ಲಿವೆ.

ಸಟ್ಲರ್ ಮಾತ್ರ ಸಿಪಾಯಿಗಳ ಪಟ್ಟಿಯಲ್ಲಿ ಸಿಗುವುದು ಕಷ್ಟ, ಯಾಕೆಂದರೆ ಅವನು ಸೈನಿಕನಲ್ಲ. ಅವನನ್ನು ಬೇರೆ ಕಡೆ ಹುಡುಕಬೇಕು. 1860 ಮತ್ತು 1870ರ ಜನಗಣತಿಯಲ್ಲಿ ಅವನ ಕಸುಬು ‘ವ್ಯಾಪಾರಿ’ ಎಂದಿರಬಹುದು. ಅವನ ಊರಿನ ಹಳೆಯ ವ್ಯಾಪಾರ ಡೈರೆಕ್ಟರಿ ನೋಡಿ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಹಳೆಯ ಪತ್ರಿಕೆಗಳ ಡಿಜಿಟಲ್ ಭಂಡಾರದಲ್ಲಿ ಹೆಸರು ಹಾಕಿ ಹುಡುಕಿ. ಸಿಪಾಯಿಗಳು ಮನೆಗೆ ಬರೆದ ಕಾಗದಗಳನ್ನು ಊರ ಪತ್ರಿಕೆಗಳು ಅಚ್ಚು ಹಾಕುತ್ತಿದ್ದವು, ಅವುಗಳಲ್ಲಿ ಸಟ್ಲರನಿಗೆ ಬೈಗುಳ ಬೇಕಾದಷ್ಟು ಸಿಗುತ್ತದೆ. ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿರುವ ರೆಜಿಮೆಂಟ್ ಆದೇಶ ಪುಸ್ತಕಗಳಲ್ಲೂ ಹೆಸರು ಬರಬಹುದು.

ಒಂದು ಉದಾಹರಣೆ. 23ನೇ ಓಹಾಯೋ ಪದಾತಿದಳದ ಬಿಲ್ಲೆ ನಿಮ್ಮ ಮುಂದೆ ಬಂತು ಅನ್ನಿ. ಸುಮ್ನೆ ಹಿತ್ತಾಳೆ ಅನ್ನಿಸಬಹುದು. ಆದರೆ ಮುಂದೆ ಅಮೆರಿಕದ ಅಧ್ಯಕ್ಷರಾದ ಇಬ್ಬರು, ರದರ್‌ಫೋರ್ಡ್ ಹೇಯ್ಸ್ ಮತ್ತು ವಿಲಿಯಂ ಮೆಕಿನ್ಲಿ, ಇದೇ ರೆಜಿಮೆಂಟಿನಲ್ಲಿದ್ದವರು. ಮೆಕಿನ್ಲಿ ಅಲ್ಲಿ ಆಹಾರ ಸಾಮಗ್ರಿ ನೋಡಿಕೊಳ್ಳುವ ಸಾರ್ಜೆಂಟ್ ಆಗಿದ್ದ. ಸರ್ಕಾರದ ಊಟ ಅವನ ಕೈಯಲ್ಲಿ, ಮೇಲಿನ ರುಚಿ ಸಟ್ಲರನ ಕೈಯಲ್ಲಿ. 1862ರ ಸೆಪ್ಟೆಂಬರಿನಲ್ಲಿ ಸೌತ್ ಮೌಂಟನ್ ಕಾಳಗದಲ್ಲಿ ಹೇಯ್ಸ್‌ನ ತೋಳಿಗೆ ಗುಂಡು ತಗಲಿತು. ಇಷ್ಟು ಓದಿದ ಮೇಲೆ ಆ ಬಿಲ್ಲೆಗೆ ಎಷ್ಟು ಕೊಡಬಹುದು ಅನ್ನುವುದು ನಿಮಗೇ ಗೊತ್ತಾಗುತ್ತದೆ. ಮಾರುವವನು ಕಥೆ ಕಟ್ಟಿದರೆ ಅದೂ ಗೊತ್ತಾಗುತ್ತದೆ.

ಚಿತ್ರಗಳನ್ನೂ ನೋಡಿ. 1864ರ ಫೆಬ್ರವರಿಯಲ್ಲಿ ವರ್ಜೀನಿಯಾದ ಬ್ರ್ಯಾಂಡಿ ಸ್ಟೇಷನ್ನಿನಲ್ಲಿ ತೆಗೆದ, ಎ. ಫೌಕ್ ಎಂಬ ಸಟ್ಲರನ ಅಂಗಡಿಯ ಫೋಟೋ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ. ದೊಡ್ಡ ಗಾತ್ರದ ಪ್ರತಿ ಇಳಿಸಿಕೊಂಡು ಹಿಗ್ಗಿಸಿ ನೋಡಿ. ಬಿಲ್ಲೆ ಕೈಬದಲಾಗುತ್ತಿದ್ದ ಜಾಗ ಹೇಗಿತ್ತು ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಹಂತ 6: ಎಲ್ಲಿ ಕೊಳ್ಳಬೇಕು, ಏನು ಕೇಳಬೇಕು

ಸಿವಿಲ್ ವಾರ್ ಟೋಕನ್ ಸೊಸೈಟಿ 1967ರಿಂದ ಇದೆ. ಸದಸ್ಯರಾಗಿ. ಅದರ ಪತ್ರಿಕೆ, ಸದಸ್ಯರ ನಡುವಿನ ಹರಾಜು ಎರಡೂ ಹೊಸಬರಿಗೆ ಒಳ್ಳೆಯ ಬಾಗಿಲು. ನಾಣ್ಯ ಸಂಗ್ರಾಹಕರ ಸಂಘವಾದ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಷನ್ನಿನ ದೊಡ್ಡ ಬೇಸಿಗೆ ಮೇಳದಲ್ಲಿ ಟೋಕನ್ ವ್ಯಾಪಾರಿಗಳು ಕೂರುತ್ತಾರೆ. ಓಹಾಯೋದ ಮ್ಯಾನ್ಸ್‌ಫೀಲ್ಡಿನಲ್ಲಿ ನಡೆಯುವಂಥ ಅಂತರ್ಯುದ್ಧದ ವಸ್ತುಗಳ ಮೇಳಗಳಲ್ಲಿ ಗುಂಡಿ, ಬೆಲ್ಟ್ ಬಕಲ್‌ಗಳ ನಡುವೆ ಸಟ್ಲರ್ ಬಿಲ್ಲೆಗಳೂ ಕಾಣುತ್ತವೆ.

ಆನ್‌ಲೈನ್ ಹುಡುಕುವಾಗ ಒಂದು ತೊಡಕು ಬರುತ್ತದೆ. ಇಂದು ಅಂತರ್ಯುದ್ಧದ ಅಣಕು ಕಾಳಗ ಆಡುವವರಿಗೆ ಸಮವಸ್ತ್ರ ಮಾರುವವರಿಗೂ ಸಟ್ಲರ್ ಎಂದೇ ಹೆಸರು. ಹಾಗಾಗಿ ‘ಟೋಕನ್’, ರಾಜ್ಯದ ಹೆಸರು, ಶೆಂಕ್‌ಮನ್ ಸಂಖ್ಯೆ ಸೇರಿಸಿಯೇ ಹುಡುಕಿ.

ಮಾರುವವರನ್ನು ಹೀಗೆ ಕೇಳಿ: ತೂಕ ಎಷ್ಟು, ಅಡ್ಡಳತೆ ಎಷ್ಟು? ಅಂಚಿನ ಫೋಟೋ ಕಳಿಸುತ್ತೀರಾ? ನೆಲದಿಂದ ಅಗೆದು ತೆಗೆದದ್ದಾ? ಮೊದಲು ಯಾರ ಸಂಗ್ರಹದಲ್ಲಿತ್ತು? ವಾಪಸ್ ತಗೊಳ್ತೀರಾ? ಕೊನೆಯ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಬಿಟ್ಟುಬಿಡಿ. ಹರಾಜು ಸಂಸ್ಥೆಗಳ ಹಳೆಯ ದಾಖಲೆಗಳನ್ನು ನೋಡಿದರೆ ಅದೇ ಬಿಲ್ಲೆ ಹಿಂದೆ ಎಷ್ಟಕ್ಕೆ ಹೋಗಿತ್ತು ಅಂತಲೂ ತಿಳಿಯುತ್ತದೆ. ದುಬಾರಿ ಬಿಲ್ಲೆಯಾದರೆ, ಅಸಲಿತನ ಮತ್ತು ಸ್ಥಿತಿ ಪರೀಕ್ಷಿಸಿ ಡಬ್ಬಿಯಲ್ಲಿ ಮುಚ್ಚಿಕೊಡುವ ಎನ್‌ಜಿಸಿಯಂಥ ಗ್ರೇಡಿಂಗ್ ಸಂಸ್ಥೆಯ ಡಬ್ಬಿಯಲ್ಲಿರುವುದನ್ನೇ ಕೊಳ್ಳುವುದು ಹೊಸಬರಿಗೆ ಕ್ಷೇಮ.

ಮೆಟಲ್ ಡಿಟೆಕ್ಟರ್ ಹಿಡಿದು ನಾವೇ ಹುಡುಕಬಹುದಲ್ವಾ ಎಂದು ಕೇಳುವವರಿದ್ದಾರೆ. ಯುದ್ಧಭೂಮಿಯ ರಾಷ್ಟ್ರೀಯ ಉದ್ಯಾನಗಳಲ್ಲಿ ಅದು ಅಪರಾಧ. ಒಕ್ಕೂಟ ಸರ್ಕಾರದ ನೆಲದಲ್ಲಿ 100 ವರ್ಷ ದಾಟಿದ ಪುರಾತತ್ವ ವಸ್ತುಗಳನ್ನು ಅಗೆಯುವುದನ್ನು 1979ರ ಕಾಯಿದೆ ತಡೆಯುತ್ತದೆ. ಖಾಸಗಿ ಜಮೀನಾದರೆ ಮಾಲೀಕರ ಬರಹದ ಒಪ್ಪಿಗೆ ಬೇಕು. ಸಿಕ್ಕ ಜಾಗ, ಆಳ ಬರೆದಿಟ್ಟುಕೊಳ್ಳದೆ ಅಗೆಯುವುದು ಶಿಬಿರದ ಚರಿತ್ರೆಯನ್ನೇ ಕೆಡಿಸಿದಂತೆ. ಇದರಲ್ಲಿ ನನಗೆ ರಾಜಿ ಇಲ್ಲ.

ಹಂತ 7: ನಕಲಿ ಹಿಡಿಯುವುದು

ಬೆಲೆ ಇದ್ದಲ್ಲಿ ನಕಲಿ ಇದ್ದೇ ಇರುತ್ತದೆ. ಎರಕ ಹೊಯ್ದ ನಕಲಿಯ ಮೈ ಲೂಪಿನಡಿ ಮರಳುಮರಳಾಗಿ ಕಾಣುತ್ತದೆ, ಸಣ್ಣ ಸಣ್ಣ ಗುಳಿಗಳಿರುತ್ತವೆ. ಅಕ್ಷರಗಳ ಬುಡ ಕರಗಿದ ಬೆಣ್ಣೆಯಂತೆ ಮೆತ್ತಗಿರುತ್ತದೆ. ಅಚ್ಚು ಒತ್ತಿದ ಅಸಲಿಯಲ್ಲಿ ಅಕ್ಷರ ಸವೆದಿದ್ದರೂ ಬುಡ ಗಟ್ಟಿಯಾಗಿ ಕಡಿದಂತೆ ಇರುತ್ತದೆ. ಅಂಚನ್ನು ಸುತ್ತಲೂ ನೋಡಿ. ಮಧ್ಯದಲ್ಲಿ ಗೆರೆ ಓಡಿದ್ದರೆ ಎರಕ ಹೊಯ್ದದ್ದು, ಇಲ್ಲವೇ ಎರಡು ಹಾಳೆ ಬೆಸೆದು ಮಾಡಿದ್ದು ಇರಬಹುದು. ತೂಕವನ್ನು ಅದೇ ಬಗೆಯ ಅಸಲಿ ಬಿಲ್ಲೆಯ ಜೊತೆ ಹೋಲಿಸಿ.

ಇನ್ನೊಂದು ಬಗೆ ನಕಲಿ ಲೋಹದಲ್ಲಲ್ಲ, ಮಾಹಿತಿಯಲ್ಲಿ ಸಿಕ್ಕಿಬೀಳುತ್ತದೆ. ಆ ರಾಜ್ಯ ಕಟ್ಟಿರದ ರೆಜಿಮೆಂಟಿನ ಸಂಖ್ಯೆ, ಆಗ ಹುಟ್ಟಿರದ ರಾಜ್ಯದ ಹೆಸರು, ಇಲ್ಲವೇ ‘ಸಿ.ಎಸ್.ಎ.’ (ಕಾನ್ಫೆಡರೇಟ್ ಸ್ಟೇಟ್ಸ್ ಆಫ್ ಅಮೆರಿಕ) ಎಂದು ದೊಡ್ಡದಾಗಿ ಹಾಕಿದ ಕಾನ್ಫೆಡರೇಟ್ ಬಿಲ್ಲೆ. ಗೊತ್ತಿರುವ ಸಟ್ಲರ್ ಬಿಲ್ಲೆಗಳು ಬಹುತೇಕ ಯೂನಿಯನ್ ಕಡೆಯವೇ. ದಕ್ಷಿಣದ್ದು ಎಂದು ಯಾರಾದರೂ ಹೇಳಿದರೆ ಬಲವಾದ ಪುರಾವೆ ಕೇಳಿ. ಹಳೆಯ ನಾಣ್ಯದ ಮೇಲೆ ಸಟ್ಲರನ ಹೆಸರನ್ನು ಮೊಳೆಯಚ್ಚಿನಿಂದ ಕುಟ್ಟಿದವುಗಳ ಬಗ್ಗೆಯೂ ಎಚ್ಚರ, ಯಾಕೆಂದರೆ ಅಂಥದ್ದನ್ನು ಇವತ್ತೂ ಯಾರಾದರೂ ಕುಟ್ಟಬಹುದು. 1973ರ ಕಾಯಿದೆ ಪ್ರಕಾರ ಅಮೆರಿಕದಲ್ಲಿ ನಾಣ್ಯಗಳ ನಕಲಿನ ಮೇಲೆ ‘ಕಾಪಿ’ ಎಂದು ಇರಲೇಬೇಕು. ಆ ಜಾಗವನ್ನು ಉಜ್ಜಿ ತೆಗೆದಿದ್ದಾರಾ ನೋಡಿ.

ಬೆಳ್ಳಿಯಲ್ಲೋ ಬೇರೆ ಲೋಹದಲ್ಲೋ ಹೊಡೆದ ಬಿಲ್ಲೆ ಬಂದರೆ ಅದು ನಕಲಿಯೇ ಆಗಬೇಕಿಲ್ಲ. ಆ ಕಾಲದ ಸಂಗ್ರಾಹಕರಿಗೆಂದೇ ಅಚ್ಚಿನವರು ಹಾಗೆ ಹೊಡೆದುಕೊಟ್ಟಿದ್ದಾರೆ. ಅವು ಅಸಲಿ, ಆದರೆ ಸಿಪಾಯಿಯ ಜೇಬು ಕಂಡಿಲ್ಲ. ನಾನಾದರೆ ಅದೇ ದುಡ್ಡಿಗೆ ಸವೆದ ಹಿತ್ತಾಳೆಯದನ್ನೇ ಆರಿಸುತ್ತೇನೆ.

ಹಂತ 8: ತೊಳೆಯಬೇಡಿ, ಉಜ್ಜಬೇಡಿ

ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ಹಬ್ಬದ ಮುಂಚೆ ದೀಪ, ಚೊಂಬು ಉಜ್ಜಿ ಫಳಫಳ ಮಾಡುವುದು ಅಭ್ಯಾಸ. ಈ ಬಿಲ್ಲೆಗೆ ಮಾತ್ರ ಹುಣಸೆಹಣ್ಣು, ನಿಂಬೆ, ಪೀತಾಂಬರಿ ಯಾವುದೂ ಬೇಡ. ಮೇಲಿನ ಕಂದು ಬಣ್ಣ 160 ವರ್ಷದಲ್ಲಿ ಕಟ್ಟಿದ್ದು. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ, ಬೆಲೆಯೂ ಅರ್ಧಕ್ಕೆ ಬೀಳಬಹುದು.

ನೆಲದಿಂದ ತೆಗೆದ ಬಿಲ್ಲೆಯ ಮೇಲೆ ಮಣ್ಣು ಇದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಇರಿ. ಪಿವಿಸಿ ಪ್ಲಾಸ್ಟಿಕ್ಕಿನಿಂದ ಹತ್ತಿದ ಹಸಿರು ಜಿಡ್ಡನ್ನು ಶುದ್ಧ ಅಸಿಟೋನ್ ತೆಗೆಯುತ್ತದೆ. ಕಿಟಕಿ ತೆರೆದು, ಬೆಂಕಿಯಿಂದ ದೂರ ಕೂತು ಮಾಡಿ. ಉಗುರುಬಣ್ಣ ತೆಗೆಯುವ ಬಾಟಲಿ ಬೇಡ, ಅದರಲ್ಲಿ ಬೇರೆ ಏನೇನೋ ಇರುತ್ತದೆ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ಲೋಹ ತಿನ್ನುವ ರೋಗ. ಆ ಬಿಲ್ಲೆಯನ್ನು ತಕ್ಷಣ ಬೇರೆ ಇಟ್ಟು ತಿಳಿದವರಿಗೆ ತೋರಿಸಿ.

ಇಡಲು ಮೈಲಾರ್ ಎಂಬ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಚೀಲ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಡಬ್ಬಿ ಸಾಕು. ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿಗೆ, ಮಲೆನಾಡಿನ ಮಳೆಗಾಲಕ್ಕೆ ಸಿಲಿಕಾ ಜೆಲ್ ಪೊಟ್ಟಣ ಬೇಕೇ ಬೇಕು. ಹಿಡಿಯುವಾಗ ಅಂಚು ಮಾತ್ರ ಹಿಡಿಯಿರಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿಕೊಳ್ಳಿ.

ಭಾರತಕ್ಕೆ ತರುವವರಿಗೆ ಎರಡು ಮಾತು

ಬರುವಾಗ ಕಸ್ಟಮ್ಸ್‌ಗೆ ಬಿಲ್ ಸಮೇತ ತಿಳಿಸಿ. ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. 1972ರ ಪುರಾತನ ವಸ್ತುಗಳ ಕಾಯಿದೆಯಡಿ 100 ವರ್ಷ ದಾಟಿದ ನಾಣ್ಯಗಳು ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತವೆ, ಅಂಥವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಮುಂದೆ ಅಮೆರಿಕದಲ್ಲೇ ಮಾರುವ ಯೋಚನೆ ಇದ್ದರೆ ತರುವ ಮೊದಲೇ ಪುರಾತತ್ವ ಇಲಾಖೆಯನ್ನು ಕೇಳಿ. ಮಕ್ಕಳ ಹತ್ತಿರ ಅಲ್ಲೇ ಬಿಟ್ಟು, ಇಲ್ಲಿ ಫೋಟೋ ಮತ್ತು ದಾಖಲೆ ಇಟ್ಟುಕೊಳ್ಳುವುದು ಎಷ್ಟೋ ಸುಲಭ.

ಶಿಬಿರದ ದುಡ್ಡಿನ ವಿಷಯದಲ್ಲಿ ನಮ್ಮ ನೆಲಕ್ಕೂ ಒಂದು ಎಳೆ ಇದೆ. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಶಿಬಿರಗಳಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದರು. ಆ ಕಾಲದ ಕೈದಿ ಶಿಬಿರಗಳಲ್ಲಿ ಬಳಸಲು ಕಾಗದದ ಕೂಪನ್ನುಗಳನ್ನು ಹೊರಡಿಸುತ್ತಿದ್ದರು. ಅವು ವ್ಯಾಪಾರಿಯವಲ್ಲ, ಸೈನ್ಯದವು, ಹಾಗಾಗಿ ಬೇರೆಯೇ ಕವಲು. ಆದರೆ ಶಿಬಿರದೊಳಗೆ ಮಾತ್ರ ನಡೆಯುವ ದುಡ್ಡು ಅನ್ನುವ ಗುಣ ಒಂದೇ. ಬೆಂಗಳೂರಿನಲ್ಲಿ ಕೂತು ಈ ಹವ್ಯಾಸ ಶುರುಮಾಡುವವರು ನಾಣ್ಯ ಮೇಳಗಳಲ್ಲಿ ಇವುಗಳ ಮೇಲೂ ಒಂದು ಕಣ್ಣಿಡಿ.

ಹಂತ 9: ಬರೆದಿಡಿ

ಪ್ರತಿ ಬಿಲ್ಲೆಗೂ ಒಂದು ಪುಟ ಇರಲಿ. ಎರಡೂ ಬದಿಯ ಮತ್ತು ಅಂಚಿನ ಫೋಟೋ, ತೂಕ, ಅಡ್ಡಳತೆ, ಲೋಹ, ಶೆಂಕ್‌ಮನ್ ಸಂಖ್ಯೆ. ಒಂದು ಬದಿ ನೆಟ್ಟಗೆ ಹಿಡಿದು ತಿರುಗಿಸಿದರೆ ಇನ್ನೊಂದು ಬದಿ ನೆಟ್ಟಗಿದೆಯೋ ತಲೆಕೆಳಗಿದೆಯೋ ಅನ್ನುವುದೂ ಬೇಕು. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡದ್ದು ಬರೆಯಿರಿ. ಹಳೆಯ ಮಾಲೀಕರ ಕೈಬರಹದ ಲಕೋಟೆ ಬಂದಿದ್ದರೆ ಅದನ್ನು ಎಸೆಯಬೇಡಿ, ಬಿಲ್ಲೆಯಷ್ಟೇ ಜೋಪಾನ ಮಾಡಿ. ಕೆಳಗೆ ರೆಜಿಮೆಂಟಿನ ಚರಿತ್ರೆ, ಸಟ್ಲರನ ಬಗ್ಗೆ ಸಿಕ್ಕ ಪ್ರತಿ ಸಾಲು, ಅದು ಸಿಕ್ಕ ಪತ್ರಿಕೆಯ ಹೆಸರು ಮತ್ತು ತಾರೀಖು.

1864ರ ಜೂನ್ 8ರ ಕಾಯಿದೆ ಖಾಸಗಿ ಲೋಹದ ದುಡ್ಡನ್ನು ನಿಷೇಧಿಸಿತು. ಯುದ್ಧ ಮುಗಿದ ಮೇಲೆ 1866ರಲ್ಲಿ ಸಟ್ಲರ್ ಹುದ್ದೆಯನ್ನೇ ತೆಗೆದುಹಾಕುವ ಕಾಯಿದೆ ಬಂತು. ಹೀಗೆ ಇವರ ಕಥೆ ಕೆಲವೇ ವರ್ಷಗಳದ್ದು, ದಾಖಲೆಗಳೂ ಚೂರುಚೂರು. ಹಾಗಾಗಿ ಇಂದಿಗೂ ಹೊಸ ಬಿಲ್ಲೆ, ಈವರೆಗೆ ಗೊತ್ತಿರದ ಮುಖಬೆಲೆಯ ಬಿಲ್ಲೆ, ಕ್ಯಾಟಲಾಗಿನಲ್ಲಿ ಇಲ್ಲದ ಲೋಹ ಹೊರಬರುವ ಸಾಧ್ಯತೆ ಇದ್ದೇ ಇದೆ. ನಿಮ್ಮ ಕೈಗೆ ಅಂಥದ್ದು ಸಿಕ್ಕರೆ ಮುಚ್ಚಿಡಬೇಡಿ. ಫೋಟೋ, ತೂಕ, ಅಳತೆ, ಸಿಕ್ಕ ಮೂಲ ಎಲ್ಲವನ್ನೂ ಟೋಕನ್ ಸೊಸೈಟಿಗೆ ಬರೆದು ಕಳಿಸಿ. ಸಟ್ಲರನ ಬಗ್ಗೆ ನೀವು ಪತ್ರಿಕೆಯಲ್ಲಿ ಕಂಡುಹಿಡಿದ ನಾಲ್ಕು ಸಾಲನ್ನೂ ಜೊತೆಗೆ ಸೇರಿಸಿ, ಅವರಿಗೆ ಬಿಲ್ಲೆಯ ಚಿತ್ರದಷ್ಟೇ ಅದೂ ಬೇಕು.